ಒಳ್ಳೆಯ ಕೈ

ಮಾರ್ಚ್ ೩

ಅಕ್ಕನಿಗೆ,

ಫೋನ್ ಮಾಡಿದರೆ ನೀನು ಬೈಯುತ್ತೀಯ, ನಾನು ನಡುವೆಯೇ ಇಟ್ಟುಬಿಡುತ್ತೇನೆ, ಆಮೇಲೆ ತಿಂಗಳುಗಟ್ಟಲೆ ಇಬ್ಬರೂ ಮುಖ ಊದಿಸಿಕೊಂಡಿರುತ್ತೇವೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದದಲ್ಲಿ ಬೈದರೆ ಇಲ್ಲಿಗೆ ತಲುಪುವಷ್ಟರಲ್ಲಿ ಬಿಸಿ ಆರಿರುತ್ತದೆ.

ಎಡ ಭುಜದ ಆಪರೇಷನ್ ಗಾಯ ಮಾಗಿದೆ. ತಲೆ ಬಾಚಿಕೊಳ್ಳುತ್ತೇನೆ, ಅಂಗಿ ಹಾಕಿಕೊಳ್ಳಲು ಯಾರನ್ನೂ ಕರೆಯಬೇಕಿಲ್ಲ. ಆದರೂ ಆಂಬುಲೆನ್ಸ್ ಹತ್ತಲು ಬಿಡುತ್ತಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಹೊಸ ನಿಯಮ ಮಾಡಿದ್ದಾರೆ. ಭುಜಕ್ಕೆ ಪೆಟ್ಟಾದ ಸ್ಟ್ರೆಚರ್ ಆಳು ಮತ್ತೆ ಕೆಲಸಕ್ಕೆ ಹೋಗಬೇಕಾದರೆ ಯಂತ್ರದ ಮೇಲೆ ಕೂತು ಬಲ ತೋರಿಸಬೇಕಂತೆ. ನೀನು ಈಜುವವರಿಗೆ, ಈಟಿ ಎಸೆಯುವವರಿಗೆ ಪರೀಕ್ಷೆ ಮಾಡುತ್ತೀಯಲ್ಲ, ಅದೇ ಥರದ ಯಂತ್ರ. ಇಷ್ಟು ವರ್ಷ ಯಾರಾದರೂ ನಿನ್ನ ಕೆಲಸ ಏನೆಂದು ಕೇಳಿದರೆ "ನಮ್ಮಕ್ಕ ಭುಜ ತೂಗ್ತಾಳೆ" ಎಂದು ನಗಿಸುತ್ತಿದ್ದೆ. ಈಗ ನನ್ನ ಭುಜವೇ ತಕ್ಕಡಿ ಹತ್ತಿತು.

ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕುರ್ಚಿ. ಎದೆಯ ಮೇಲೆ ಅಡ್ಡಡ್ಡ ಎರಡು ಬೆಲ್ಟು. ಪರೀಕ್ಷೆ ಮಾಡುವ ಹುಡುಗಿ ಕೈಗೆ ಒಂದು ಹಿಡಿ ಕೊಟ್ಟಳು. ಮೊದಲು ಬಲಗೈ, ಆಮೇಲೆ ಎಡಗೈ, ಐದೈದು ಸಲ. "ಒತ್ತಿ ಸಾರ್, ಒತ್ತಿ, ಇನ್ನೂ ಒತ್ತಿ" ಎಂದು ಕೂಗುತ್ತಾಳೆ. ಹೆರಿಗೆ ವಾರ್ಡಿಗೆ ಬಂದೆನೋ ಎನಿಸಿತು. ಬಲಗೈ ಐವತ್ತೆರಡು ಬಂತು, ಎಡಗೈ ಮೂವತ್ತು. "ಸದ್ಯಕ್ಕೆ ಆಗಲ್ಲ ಸಾರ್" ಅಂದಳು.

ಈಗ ನನ್ನನ್ನು ಸ್ಟೋರಿನಲ್ಲಿ ಹಾಕಿದ್ದಾರೆ. ಹಾಸಿಗೆ ಬಟ್ಟೆ ಮಡಚುವುದು, ಜೋಡಿಸುವುದು. ಕಿಟಕಿ ಇಲ್ಲ, ಬರೀ ಸೋಪಿನ ವಾಸನೆ. ರೇಡಿಯೋ ದಿನಾ ಬಂದು ಬಾಗಿಲಲ್ಲಿ ನಿಂತು ಮಾತಾಡಿ ಹೋಗುತ್ತಾನೆ. ಅವನು ಗೊತ್ತಲ್ಲ, ನನ್ನ ಜೋಡಿ, ಬಾಯಿ ಮುಚ್ಚದವನು. ನೀನು ಅವನನ್ನು ನೋಡಿದ್ದು ಒಂದೇ ಸಲ, ಆವತ್ತೂ ನಿನಗೆ ಮಾತಾಡಲು ಬಿಡಲಿಲ್ಲ. ಮೆಟ್ಟಿಲು ಇಳಿಯುವಾಗ ಅವನು ಕೆಳಗೆ, ನಾನು ಮೇಲೆ. ಅವನ ಮುಖ ರೋಗಿಯ ಕಡೆಗಿರುತ್ತದೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಅದೂ ಇದೂ ಹೇಳಿ ರೋಗಿಗೆ ಭಯ ಮರೆಸುತ್ತಾನೆ. ಭಾರ ಅವನ ಕಡೆ ಜಾರುತ್ತಿದೆ ಎನಿಸಿದರೆ ನಾನು "ಬಂತು" ಅನ್ನುತ್ತೇನೆ. ಅಷ್ಟೇ. ಎಂಥ ಕಥೆ ಹೇಳುತ್ತಿದ್ದರೂ ನಿಲ್ಲಿಸಿ ಮೈಯಲ್ಲಿದ್ದ ಬಲವನ್ನೆಲ್ಲ ಭುಜಕ್ಕೆ ತಂದು ಒತ್ತಿ ನಿಲ್ಲುತ್ತಾನೆ. ಆ ಮಾತಿಗೆ ಅವನ ಮೈ ಓಗೊಡುತ್ತದೆ, ತಲೆ ಅಲ್ಲ.

ನಮ್ಮದು ಬಲದ ಕೆಲಸ ಎಂದುಕೊಂಡಿದ್ದಾರೆ ಇವರು. ಬಲ ಯಾರಿಗಿಲ್ಲ? ನಮ್ಮದು ಸಮ ಮಾಡುವ ಕೆಲಸ. ಒಂದು ಕೈ ಸೋತರೆ ಇನ್ನೊಂದು ಕೈ ಅದರ ಮಟ್ಟಕ್ಕೆ ಇಳಿಯಬೇಕು, ಅದಕ್ಕಿಂತ ಕೂದಲೆಳೆ ಹೆಚ್ಚೂ ಅಲ್ಲ, ಕಮ್ಮಿಯೂ ಅಲ್ಲ. ಇಲ್ಲದಿದ್ದರೆ ರೋಗಿ ಪಕ್ಕಕ್ಕೆ ಉರುಳುತ್ತಾನೆ. ಇದನ್ನು ಯಾವ ಕುರ್ಚಿ ಅಳೆಯುತ್ತದೆ ಹೇಳು.

ನಿನ್ನ ತಮ್ಮ,
ಗುಂಡ

ಮಾರ್ಚ್ ೧೫

ಗುಂಡನಿಗೆ,

ಬಿಸಿ ಆರದ ಹಾಗೆ ಬೈಯುವುದು ನನಗೆ ಗೊತ್ತು. ಆಪರೇಷನ್ ಆದ ಕೈಯಲ್ಲಿ ಯಾರಾದರೂ ಇಷ್ಟು ಬೇಗ ಸ್ಟ್ರೆಚರ್ ಕೇಳುತ್ತಾರೇನೋ? ಮೂವತ್ತು ಬಂದಿದ್ದೇ ಹೆಚ್ಚು.

ಆ ಯಂತ್ರವನ್ನು ಹಳಿಯಬೇಡ. ಅದೊಂದು ಹಟಮಾರಿ. ನೀನು ಎಷ್ಟೇ ಜೋರಾಗಿ ಒತ್ತು, ತನ್ನ ವೇಗ ಬಿಟ್ಟು ಓಡುವುದಿಲ್ಲ, ನೀನು ಎಷ್ಟು ಒತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತದೆ ಅಷ್ಟೇ. ನಿನ್ನನ್ನು ಪೈಲ್ವಾನನ ಜತೆಯೂ ಹೋಲಿಸುವುದಿಲ್ಲ. ನಿನ್ನ ಒಳ್ಳೆಯ ಕೈಗೆ ನೂರು ಅಂಕ ಎಂದಿಟ್ಟುಕೊಂಡರೆ ಪೆಟ್ಟಾದ ಕೈಗೆ ತೊಂಬತ್ತಾದರೂ ಬರಬೇಕು. ಬಂದರೆ ಪಾಸು. ನಮ್ಮಲ್ಲೂ ಅದೇ ಲೆಕ್ಕ. ಅಂದರೆ ನೀನು ಗೆಲ್ಲಬೇಕಾಗಿರುವುದು ನಿನ್ನದೇ ಬಲಗೈಯನ್ನು. ಅದು ಸ್ವಲ್ಪ ಸಮಾಧಾನದ ವಿಷಯ ಅಲ್ವಾ?

ಒಂದು ಮಾತ್ರ ನಿಜ. ಮೊಣಕಾಲು ಬಾಗಿಲಿನ ಕೀಲಿನ ಹಾಗೆ, ಒಂದೇ ಜಾಗದಲ್ಲಿ ತಿರುಗುತ್ತದೆ, ಅಳೆಯುವುದು ಸುಲಭ. ಭುಜ ಹಾಗಲ್ಲ. ಕೈ ಮೇಲೆ ಹೋದ ಹಾಗೆ ಒಳಗಿನ ಮೂಳೆಯ ಗುಂಡು ಜಾಗ ಬದಲಿಸುತ್ತದೆ. ಕುರ್ಚಿ ಎರಡು ಬೆರಳು ಆಚೀಚೆ ಆದರೆ, ಬೆಲ್ಟು ಸಡಿಲ ಆದರೆ, ಕೂಗುವವರು ಬದಲಾದರೆ ಅಂಕಿ ಏರುಪೇರಾಗುತ್ತದೆ. ಆದ್ದರಿಂದ ಪ್ರತಿ ಸಲ ಅದೇ ಹುಡುಗಿ, ಅದೇ ಕುರ್ಚಿ, ಅದೇ ಹೊತ್ತು ಎಂದು ಕೇಳಿಕೋ. ನಾಚಿಕೆ ಬೇಡ.

ಊಟ ಬಿಡಬೇಡ. ನೀನು ಗುಂಡ ಆಗಿದ್ದದ್ದು ತೊಟ್ಟಿಲಲ್ಲಿ ಮಾತ್ರ.

ಅಕ್ಕ

ಮೇ ೯

ಅಕ್ಕನಿಗೆ,

ಎರಡನೇ ಪರೀಕ್ಷೆ ಆಯಿತು. ಅದೇ ಹುಡುಗಿ, ಅದೇ ಕುರ್ಚಿ, ನೀನು ಹೇಳಿದ ಹಾಗೇ ಕೇಳಿಕೊಂಡೆ. ಎಡಗೈ ಮೂವತ್ನಾಲ್ಕು. ಖುಷಿಪಟ್ಟೆ. ಬಲಗೈ ಐವತ್ಮೂರು. ನೋಡು, ಸ್ಟೋರಿನಲ್ಲಿ ಮೂಟೆ ಎತ್ತಿ ಎತ್ತಿ ಅದೂ ಒಂದಂಕ ಮೇಲೆ ಹೋಗಿದೆ. ನಾನು ಎಡಗೈ ಬೆಳೆಸಿದಷ್ಟೂ ಬಲಗೈ ಮುಂದೆ ಓಡುತ್ತದೆ. ನನಗೆ ನನ್ನ ಬಲಗೈ ಮೇಲೆ ಸಿಟ್ಟು ಬಂದದ್ದು ಇದೇ ಮೊದಲು.

ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿಮ್ಮ ವಯಸ್ಸಿಗೆ ಇದಕ್ಕಿಂತ ಹೆಚ್ಚು ಬರೋದು ಕಷ್ಟ ಇದೆ. ಇನ್ನೊಂದು ಪರೀಕ್ಷೆ ಮಾಡೋಣ. ಅದರಲ್ಲೂ ಆಗದಿದ್ರೆ ಸ್ಟೋರ್‌ನಲ್ಲೇ ಕಾಯಂ ಮಾಡಿಬಿಡೋಣ, ಸಂಬಳ ಏನೂ ಕಮ್ಮಿ ಆಗಲ್ಲ." ಸಂಬಳ ಯಾರು ಕೇಳಿದರು ಇವರನ್ನು? ರೇಡಿಯೋಗೆ ಬೇರೆ ಜೋಡಿ ಹಾಕಿದ್ದಾರೆ. ಕಟ್ಟುಮಸ್ತಾದ ಆಸಾಮಿ. ಮೆಟ್ಟಿಲ ಮೇಲೆ ಕೂಗುವುದೇ ಇಲ್ಲವಂತೆ, ಎಲ್ಲ ಭಾರ ತಾನೇ ಎಳೆದುಕೊಳ್ಳುತ್ತಾನಂತೆ. "ಅವನ ಜತೆ ಮಾತಾಡಿದ್ರೆ ಗೋಡೆಗೆ ಹೇಳಿದಂಗಾಗುತ್ತೆ ಕಣೋ, ಬೇಗ ಬಾ" ಅಂದ ರೇಡಿಯೋ. ಬಾಗಿಲಿಗೆ ಒರಗಿ ನಿಂತಿದ್ದ. ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ ಈಗ.

ಅಕ್ಕಾ, ಈ ಕೋಣೆಯಲ್ಲಿ ನಾನು ಸಾಯುವವರೆಗೆ ಬಟ್ಟೆ ಮಡಚಬೇಕು ಎಂದುಕೊಂಡರೆ ಉಸಿರು ಕಟ್ಟುತ್ತದೆ. ಅಪ್ಪ ಹೋದಾಗಲೂ ನನಗೆ ಹೀಗಾಗಿರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಒಂದು ಕೇಳಬೇಕಿತ್ತು. ನಿನ್ನ ಹತ್ತಿರ ಬರುವ ಆಟಗಾರರು ಯಾರೂ ಮೋಸ ಮಾಡುವುದಿಲ್ಲವೇ? ಸುಮ್ಮನೆ ಕೇಳಿದೆ.

ಗುಂಡ

ಮೇ ೧೯

ಗುಂಡನಿಗೆ,

ನಿನ್ನ ಕಾಗದ ಓದಿ ಎರಡು ದಿನ ಏನೂ ಬೇಡವಾಗಿತ್ತು. ನಿನಗೆ ಸಮಾಧಾನ ಹೇಳಲು ಹೋಗಿ ಪಾಠ ಮಾಡುತ್ತೇನೆ, ಅದು ನನ್ನ ರೋಗ. ನಾನೊಂದು ಸಲ ಬರಲೇ? ಹೂಂ ಅಂದರೆ ರಜೆ ಹಾಕುತ್ತೇನೆ.

ಮೋಸದ ವಿಷಯ. ಮಾಡುತ್ತಾರೆ, ಮಾಡದೆ ಏನು. ಪಂದ್ಯಕ್ಕೆ ಹೋಗಲು ಇಷ್ಟವಿಲ್ಲದವನು ನೋವು ಎಂದು ಅರ್ಧ ಬಲದಲ್ಲಿ ಒತ್ತುತ್ತಾನೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ. ಆದರೆ ಸಿಕ್ಕಿಬೀಳುತ್ತಾರೆ. ಪೂರ್ತಿ ಬಲ ಹಾಕಿದವನಿಗೆ ಐದೂ ಸಲ ಹೆಚ್ಚುಕಮ್ಮಿ ಒಂದೇ ಅಂಕಿ ಬರುತ್ತದೆ. ಅರ್ಧ ಬಲ ಹಾಕುವವನಿಗೆ ಅದು ಆಗುವುದಿಲ್ಲ. ಒಂದು ಸಲ ಇಪ್ಪತ್ತು ಬಂದರೆ ಇನ್ನೊಂದು ಸಲ ಮೂವತ್ತೈದು. ಪೂರ್ತಿ ಎಂಬುದಕ್ಕೆ ಒಂದು ಗೋಡೆ ಇರುತ್ತದೆ, ಅರ್ಧಕ್ಕೆ ಎಲ್ಲಿಯ ಗೋಡೆ? ಅದಕ್ಕೇ ಐದೂ ಒಂದೇ ಬಂದರೆ ನಾವು ಕಣ್ಣುಮುಚ್ಚಿ ನಂಬುತ್ತೇವೆ.

ಬರಲೇ ಬೇಡವೇ, ಬರಿ.

ಅಕ್ಕ

ಜುಲೈ ೨

ಅಕ್ಕನಿಗೆ,

ಪಾಸು. ಎಡಗೈ ಮೂವತ್ತಾರು, ಬಲಗೈ ಮೂವತ್ತೊಂಬತ್ತು. ಹುಡುಗಿ ಲೆಕ್ಕ ಹಾಕಿ "ತೊಂಬತ್ತು ದಾಟಿದೆ ಸಾರ್" ಎಂದು ತಾನೇ ಪಾಸಾದ ಹಾಗೆ ನಕ್ಕಳು. ಸೋಮವಾರದಿಂದ ಗಾಡಿ. ರೇಡಿಯೋ ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದ.

ನೀನು ಬರುವುದು ಬೇಡ. ಎಲ್ಲ ಸರಿಹೋಯಿತಲ್ಲ.

ಗುಂಡ

ಜುಲೈ ೧೦

ಗುಂಡನಿಗೆ,

ಮೊದಲು ಸಂತೋಷಪಟ್ಟೆ, ಪಕ್ಕದ ಮೇಜಿನವರಿಗೆಲ್ಲ ಹೇಳಿದೆ. ಆಮೇಲೆ ಇನ್ನೊಮ್ಮೆ ಓದಿದೆ. ಬಲಗೈ ಮೂವತ್ತೊಂಬತ್ತೇ? ಮೇ ತಿಂಗಳಲ್ಲಿ ಐವತ್ಮೂರು ಇದ್ದದ್ದು ಎಲ್ಲಿ ಹೋಯಿತು? ನಿಯಮ ಆ ದಿನದ ಎರಡು ಕೈಯನ್ನಷ್ಟೇ ಹೋಲಿಸುತ್ತದೆ, ಹಳೆಯ ಅಂಕಿ ಯಾರೂ ತೆಗೆದು ನೋಡುವುದಿಲ್ಲ. ಎರಡು ತಿಂಗಳಲ್ಲಿ ಒಳ್ಳೆಯ ಕೈ ಹೀಗೆ ಕುಸಿಯುವುದಿಲ್ಲ. ಬಲಗೈ ಜೋಮು ಹಿಡಿಯುತ್ತಿದೆಯೇ? ಕುತ್ತಿಗೆ ನೋವಿದೆಯೇ? ನಿಜ ಹೇಳು.

ಅದಿಲ್ಲದಿದ್ದರೆ ತಪ್ಪು ಯಂತ್ರದ್ದು. ಹುಡುಗಿ ಕುರ್ಚಿಯ ಎತ್ತರ ಬದಲಿಸಿರಬಹುದು, ಯಂತ್ರದ ತೂಕ ಸರಿನೋಡಿ ಬಹಳ ದಿನ ಆಗಿರಬಹುದು. ತೂಕ ಗೊತ್ತಿರುವ ಕಲ್ಲು ನೇತುಹಾಕಿ ಅಂಕಿ ಸರಿ ಬರುತ್ತದೆಯೇ ನೋಡಿ ಎಂದು ಹೇಳು. ಐದೂ ಸಲ ಒಂದೇ ಬಂತೇ, ಅದನ್ನೂ ಕೇಳು. ಮತ್ತೊಮ್ಮೆ ಅಳೆಯುವವರೆಗೆ ಗಾಡಿ ಹತ್ತಬೇಡ.

ಅಕ್ಕ

ಜುಲೈ ೨೧

ಅಕ್ಕನಿಗೆ,

ಕೇಳಿದೆ. ಕಲ್ಲು ನೇತುಹಾಕಿ ತೋರಿಸಿದಳು, ಸರಿ ಇದೆ. ಐದೂ ಸಲ ಒಂದೇ ಬಂದಿದೆ, "ಇಷ್ಟು ಚೆನ್ನಾಗಿ ಯಾರಿಗೂ ಬಂದಿಲ್ಲ" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಕುಣಿಯುವವನ ನೆಲವನ್ನೂ ಡೊಂಕು ಅನ್ನುತ್ತೀಯ.

ಗಾಡಿ ಹತ್ತಿ ಎರಡು ವಾರವಾಯಿತು. ಕೈ ನೋವಿಲ್ಲ. ಇದನ್ನು ಇಲ್ಲಿಗೆ ಬಿಡು.

ಗುಂಡ

ಆಗಸ್ಟ್ ೧೨

ಗುಂಡನಿಗೆ,

ನೀನು ಬಿಡು ಅಂದರೂ ನನಗೆ ಬಿಡಲಾಗಲಿಲ್ಲ. ಇಷ್ಟು ದಿನ ಕುರ್ಚಿ, ಬೆಲ್ಟು, ಯಂತ್ರ, ಆ ಹುಡುಗಿ, ಎಲ್ಲರ ಮೇಲೂ ಅನುಮಾನಪಟ್ಟೆ. ನಿನ್ನ ಮೇಲೆ ಮಾತ್ರ ಪಡಲಿಲ್ಲ. ಅರ್ಧ ಬಲವನ್ನು ಐದು ಸಲ ಒಂದೇ ತೆರನಾಗಿ ಯಾರಿಗೂ ಕೊಡಲು ಬರುವುದಿಲ್ಲ ಎಂದು ನಾನು ಓದಿದ್ದೇನೆ, ಕಲಿಸಿದ್ದೇನೆ.

ಇವತ್ತು ನಿನ್ನ ಮಾರ್ಚ್ ತಿಂಗಳ ಕಾಗದ ತೆಗೆದೆ. ಒಂದು ಕೈ ಸೋತರೆ ಇನ್ನೊಂದು ಅದರ ಮಟ್ಟಕ್ಕೆ ಇಳಿಯಬೇಕು, ಕೂದಲೆಳೆ ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ. ನೀನೇ ಬರೆದಿದ್ದೀಯ. ಆಗ ಜಂಬ ಎಂದುಕೊಂಡು ನಕ್ಕಿದ್ದೆ. ಬಲಗೈಯನ್ನು ಎಡಗೈ ಮಟ್ಟಕ್ಕೆ ಇಳಿಸಿದೆ, ಅಲ್ವೇನೋ? ಆ ಕುರ್ಚಿಯಲ್ಲಿ ಕೂತು ಸ್ಟ್ರೆಚರ್ ಹಿಡಿದ ಹಾಗೆ ಹಿಡಿದೆ. ಪಾಸಾಗುವುದು ಹೇಗೆ, ಸಿಕ್ಕಿಬೀಳದಿರುವುದು ಹೇಗೆ, ಎರಡನ್ನೂ ನಾನೇ ಹೇಳಿಕೊಟ್ಟೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟವಳು ನಾನು.

ಕೇಳು. ನಿನ್ನ ಎಡ ಭುಜ ಈಗಲೂ ಮೂವತ್ತಾರರದ್ದು. ಅದಕ್ಕೆ ಬೇಕಾದದ್ದು ನಲವತ್ತೆಂಟು. ಮಧ್ಯದ ಆ ಅಂತರ ಎಲ್ಲೂ ಮಾಯವಾಗಿಲ್ಲ, ಯಾವುದೋ ಮೆಟ್ಟಿಲ ಮೇಲೆ ಕಾಯುತ್ತಿದೆ. ಕೆಳಗೆ ನಿಂತಿರುವವನು ರೇಡಿಯೋ. ಈ ಕಾಗದ ಕೈಸೇರಿದ ದಿನವೇ ಹೋಗಿ ಡಾಕ್ಟರಿಗೆ ಹೇಳು. ಫೋನಿಗೆ ಹತ್ತು ಸಲ ಮಾಡಿದೆ, ನೀನು ಎತ್ತುತ್ತಿಲ್ಲ.

ಅಕ್ಕ

ಆಗಸ್ಟ್ ೧೬

ಅಕ್ಕಾ,

ನಿನ್ನ ಕಾಗದ ಇವತ್ತು ತಲುಪಿತು. ಆಗಿದ್ದು ಹದಿಮೂರನೇ ತಾರೀಖು.

ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಉಸಿರಾಟದ ತೊಂದರೆಯ ದರ್ಜಿ, ಭಾರಿ ಮೈ. ಇಕ್ಕಟ್ಟಾದ ಮೆಟ್ಟಿಲು, ಪಕ್ಕದಲ್ಲಿ ಯಾರದೋ ಸೈಕಲ್, ಚಪ್ಪಲಿ ಗೂಡು. ರೇಡಿಯೋ ಕೆಳಗೆ, ನಾನು ಮೇಲೆ. ಅವನು ದರ್ಜಿಗೆ ತನ್ನ ಮದುವೆಗೆ ಹೊಲಿಸಿದ ಕೋಟಿನ ಕಥೆ ಹೇಳುತ್ತಿದ್ದ. ಒಂದು ತೋಳು ಉದ್ದ, ಒಂದು ಗಿಡ್ಡ. ದರ್ಜಿ ಆ ಸಂಕಟದಲ್ಲೂ ನಗುತ್ತಿದ್ದ.

ಎರಡನೇ ತಿರುವಿನಲ್ಲಿ ನನ್ನ ಎಡಗೈ ಸೋಲತೊಡಗಿತು. ಇದ್ದಕ್ಕಿದ್ದಂತೆ ಅಲ್ಲ. ಮೂರು ಮೆಟ್ಟಿಲಿನಷ್ಟು ದೂರ ನನಗೆ ಗೊತ್ತಾಗುತ್ತಿತ್ತು. ಆಗ "ಬಂತು" ಅನ್ನಬೇಕಿತ್ತು. ಅನ್ನಲಿಲ್ಲ. ಅಂದರೆ ಅವನಿಗೆ ತಿಳಿಯುತ್ತದೆ, ಇವನ ಕೈ ಇನ್ನೂ ಸರಿಯಾಗಿಲ್ಲ ಎಂದು. ಇನ್ನೊಂದು ಮೆಟ್ಟಿಲು, ಇನ್ನೊಂದು ಎಂದುಕೊಂಡೆ. ಆಮೇಲೆ ಹಿಡಿ ಕೈಯಿಂದ ಜಾರಿತು.

ಅವನು ಕಥೆಯ ನಡುವಿನಲ್ಲಿದ್ದ. ಸಿದ್ಧನಿರಲಿಲ್ಲ. ಅಷ್ಟೂ ಭಾರ ಅವನ ಬಲ ಭುಜದ ಮೇಲೆ ಬಿತ್ತು, ಗೋಡೆಗೆ ಒತ್ತಿಕೊಂಡು ತಡೆದು ನಿಂತ. ಒಳಗೆ ಏನೋ ಹರಿದ ಸದ್ದು ನನಗೂ ಕೇಳಿಸಿತು. ದರ್ಜಿಗೆ ಏನೂ ಆಗಲಿಲ್ಲ, ಅವನು ಚೆನ್ನಾಗಿದ್ದಾನೆ. ರೇಡಿಯೋಗೆ ಆಪರೇಷನ್ ಮಾಡಬೇಕಂತೆ, ನನಗೆ ಮಾಡಿದ್ದೇ. "ಮೆಟ್ಟಿಲು ಒದ್ದೆ ಇತ್ತು, ನನ್ನ ಕಾಲೇ ಜಾರಿದ್ದು" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದಾನೆ. ಮೆಟ್ಟಿಲು ಒದ್ದೆ ಇರಲಿಲ್ಲ.

ಗುಂಡ

ಆಗಸ್ಟ್ ೨೩

ಗುಂಡನಿಗೆ,

ಬೈಯಲು ಕೂತೆ, ಆಗಲಿಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ನನ್ನ ಮೇಲೂ ಇದೆ. ಇಲ್ಲಿ ದಿನಾ ಕುರ್ಚಿಗೆ ಜನರನ್ನು ಕಟ್ಟಿ "ಒತ್ತಿ, ಒತ್ತಿ" ಎಂದು ಕೂಗುತ್ತೇನೆ, ಅಂಕಿ ನೋಡುತ್ತೇನೆ, ಯಾವುದನ್ನೂ ನಂಬಲಾಗುತ್ತಿಲ್ಲ. ಐದೂ ಒಂದೇ ಬಂದರೆ ಮತ್ತೊಮ್ಮೆ ಅಳೆಯುತ್ತೇನೆ.

ಮೊದಲು ರೇಡಿಯೋಗೆ ಹೇಳು, ಆಮೇಲೆ ಆಸ್ಪತ್ರೆಗೆ. ಅವನು ತನ್ನ ಕಾಲನ್ನು ಬೈದುಕೊಂಡು ಮಲಗಿರುವುದು ಸರಿಯಲ್ಲ. ಅಷ್ಟಾದರೂ ಮಾಡು.

ಅಕ್ಕ

ಫೆಬ್ರವರಿ ೨೭

ಅಕ್ಕನಿಗೆ,

ಆರು ತಿಂಗಳಿಂದ ನಿನ್ನ ಯಾವ ಕಾಗದಕ್ಕೂ ಉತ್ತರ ಬರೆದಿಲ್ಲ. ಬರೆಯಲು ಕೂತರೆ ಮೊದಲ ಸಾಲೇ ಹುಟ್ಟುತ್ತಿರಲಿಲ್ಲ. ಇವತ್ತು ಬರೆಯುತ್ತೇನೆ.

ನೀನು ಹೇಳಿದ ಹಾಗೆ ಮಾಡಿದೆ. ಆಸ್ಪತ್ರೆಯವರು ನನ್ನನ್ನು ಸ್ಟೋರಿನಲ್ಲಿ ಕಾಯಂ ಮಾಡಿದರು. ಯಂತ್ರದ ಹುಡುಗಿ "ಐದೂ ಸಲ ಒಂದೇ ಇತ್ತಲ್ಲ ಸಾರ್" ಎಂದಳು. ಅವಳಿಗೆ ಮೇಲಿನವರಿಂದ ಬೈಗುಳವಾಯಿತಂತೆ. ಅವಳ ತಪ್ಪೇನಿತ್ತು?

ರೇಡಿಯೋಗೆ ಹೇಳಿದ್ದು ಅವನ ಆಪರೇಷನ್ ಆದ ವಾರದಲ್ಲಿ. ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ, ಬಲಗೈ ಇಳಿಸಿದ್ದು, ಕೈ ಸೋಲುವುದು ಗೊತ್ತಿದ್ದೂ ಕೂಗದೆ ಇದ್ದದ್ದು. ಬಾಗಿಲು ತೋರಿಸುತ್ತಾನೆ ಎಂದುಕೊಂಡಿದ್ದೆ. ಅವನು ಕಟ್ಟು ಹಾಕಿದ ಭುಜವನ್ನು ಒಮ್ಮೆ ನೋಡಿಕೊಂಡ. ಆಮೇಲೆ "ಹಾಗಾದ್ರೆ ನನಗೂ ಹೇಳಿಕೊಡು" ಅಂದ.

"ಏನು?"

"ಅದೇ, ಪಾಸಾಗೋದು. ನಾನೂ ಆ ಸ್ಟೋರಲ್ಲಿ ಕೊಳೀಬೇಕಾ? ನೀನು ನನ್ನ ಭುಜ ತಗೊಂಡೆ, ಇಷ್ಟಾದ್ರೂ ಕೊಡು."

ಇಲ್ಲ ಅನ್ನಲು ನನಗೆ ಬಾಯಿ ಎಲ್ಲಿತ್ತು? ಹೇಳಿಕೊಡುವುದೂ ಏನಿರಲಿಲ್ಲ. ಅವನಿಗೂ ಅದೇ ಕಸುಬು, ಅವನ ಕೈಗೂ ಅದೇ ಅಭ್ಯಾಸ. ಯಾವ ಕೈ ಮೊದಲು, ಎಷ್ಟಕ್ಕೆ ಇಳಿಸಬೇಕು, ಅಷ್ಟು ಹೇಳಿದರೆ ಸಾಕಿತ್ತು. ಹೇಳಿದೆ.

ಕಳೆದ ವಾರ ಅವನ ಪರೀಕ್ಷೆ. "ನೀನೂ ಬಾ, ಧೈರ್ಯ ಇರುತ್ತೆ" ಅಂದ. ಹೋದೆ. ಕುರ್ಚಿಯ ಹಿಂದೆ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಅವನಿಗೆ ನಾನು ಕಾಣುತ್ತಿರಲಿಲ್ಲ. ಹುಡುಗಿ ಬೆಲ್ಟು ಬಿಗಿದಳು. ಅವನ ಒಳ್ಳೆಯ ಕೈ ಎಡಗೈ. ಮೊದಲ ಸಲ ಒತ್ತಿದ, ಮೂವತ್ತೊಂದು. ಎರಡನೇ ಸಲ ಮೂವತ್ತೊಂದು. ಮೂರನೇ ಸಲವೂ ಅದೇ. ಅವಳು ಕೂಗುತ್ತಿದ್ದಳು, ಅವನು ಮುಖ ಕೆಂಪಗೆ ಮಾಡಿಕೊಂಡು ಹಲ್ಲು ಕಚ್ಚಿದಂತೆ ನಟಿಸುತ್ತಿದ್ದ. ನನಗಿಂತ ಚೆನ್ನಾಗಿ ಮಾಡುತ್ತಿದ್ದ ಅಕ್ಕಾ.

ನನಗೆ ಆ ತಿರುವಿನ ಮೆಟ್ಟಿಲು ಕಂಡಿತು. ಅವನು ಕೆಳಗಲ್ಲ, ಮೇಲೆ ನಿಂತಿದ್ದಾನೆ. ಕೆಳಗೆ ಇನ್ಯಾರೋ.

ನಾಲ್ಕನೇ ಸಲ ಅವನ ಕೈ ಮೇಲೇಳುವ ಹೊತ್ತಿಗೆ ನಾನು ಹಿಂದಿನಿಂದ "ಬಂತು" ಎಂದು ಕೂಗಿದೆ.

ಅವನ ಮೈಯೆಲ್ಲ ಬಿಗಿದುಕೊಂಡಿತು. ಕುರ್ಚಿ ಕಿರ್ ಎಂದಿತು. ಯಂತ್ರ ನಲವತ್ತೆಂಟು ತೋರಿಸಿತು. ಹುಡುಗಿ ಅಂಕಿ ನೋಡಿದಳು, ನನ್ನನ್ನು ನೋಡಿದಳು, ಪೆನ್ನು ಕೆಳಗಿಟ್ಟು ಡಾಕ್ಟರನ್ನು ಕರೆಯಲು ಹೋದಳು. ಐದನೇ ಸಲ ಅವನು ಒತ್ತಲಿಲ್ಲ. ಹಿಡಿ ಬಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೆಲ್ಟು ಬಿಚ್ಚುವವರೆಗೂ ಹಿಂತಿರುಗಿ ನೋಡಲಿಲ್ಲ.

ಅವನನ್ನೂ ಸ್ಟೋರಿಗೇ ಹಾಕಿದ್ದಾರೆ. ದೊಡ್ಡ ಬಟ್ಟೆ ಮಡಚಲು ಇಬ್ಬರು ಬೇಕು, ಆ ತುದಿ ಅವನು, ಈ ತುದಿ ನಾನು. ಅವನು ಒಂದು ಮಾತೂ ಆಡುತ್ತಿರಲಿಲ್ಲ. ರೇಡಿಯೋ ಕೆಟ್ಟಿದೆಯಾ ಎಂದು ವಾರ್ಡಿನವರು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ನಾನು ಅಂಚು ಕೂಡಿಸಿ ಅವನ ಕೈಗೆ ಕೊಡುತ್ತಿದ್ದೆ, ಅವನು ತೆಗೆದುಕೊಳ್ಳುತ್ತಿದ್ದ. ಇಡೀ ದಿನ ಅಷ್ಟೇ.

ನಿನ್ನೆ ಕೊನೆಯ ಬಟ್ಟೆ ಮಡಚುವಾಗ ಅವನು ಅಂಚು ಕೈಯಲ್ಲಿ ಹಿಡಿದೇ ನಿಂತ. ಬೈದರೂ ಆಗಬಹುದು, ಹೊಡೆದರೂ ಆಗಬಹುದು, ಏನಾದರೂ ಮಾತಾಡಲಿ ಎಂದು ನಾನೂ ನಿಂತೆ. ಅವನು ನನ್ನ ಮುಖ ನೋಡಲಿಲ್ಲ, ಬಟ್ಟೆ ನೋಡಿಕೊಂಡೇ ಹೇಳಿದ.

"ಅವತ್ತು ಕೂಗ್ಬೇಕಿತ್ತು ಕಣೋ."

ಇಂತಿ ನಿನ್ನ ತಮ್ಮ